ವಾಲಿದ ಬೆಳಕು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಇವತ್ತೂ ಬೇಗೂರಿನಿಂದ ಗುಂಡ್ಲುಪೇಟೆವರೆಗೆ ನಿಂತೇ ಬಂದೆ. ಊಟಿ ಬಸ್ಸು. ಪ್ರವಾಸದವರಿಗೆ ಕಿಟಕಿ, ಕೆಲಸಕ್ಕೆ ಹೋಗುವವರಿಗೆ ಕಂಬಿ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ಕೇಳುವುದನ್ನೂ ಬಿಟ್ಟಿದ್ದಾನೆ. ಮುಖ ನೋಡಿ ಫ್ರೀ ಟಿಕೆಟ್ ಹರಿದು ಕೊಡುತ್ತಾನೆ.

ಪ್ರಾಜೆಕ್ಟಿನ ರೂಮು ತೆಗೆದೆ. ಎ.ಸಿ. ಹಾಕಿದೆ. ಬೆಳಕು ಹಿಡಿಯುವ ಡಿಟೆಕ್ಟರ್ ತಣ್ಣಗಾಗುವವರೆಗೆ ಬೇರೆ ಕೆಲಸವಿಲ್ಲ, ಇದನ್ನು ಬರೆಯುವುದೊಂದೇ. ಆಮೇಲೆ ಚಾಮರಾಜನಗರದ ರೂಮಿನಿಂದ ನಮ್ಮ ಪ್ರಾಜೆಕ್ಟ್ ಹೆಡ್ ಸುನೀಲ್ ಕುಮಾರ್ ಸರ್ ಬೆಳಕು ಬಿಡುತ್ತಾರೆ. ಉಡಿಗಾಲ, ತೆರಕಣಾಂಬಿ ದಾಟಿ ನೆಲದೊಳಗಿನ ಫೈಬರಿನಲ್ಲಿ ಬಂದದ್ದನ್ನು ನಾನಿಲ್ಲಿ ಹಿಡಿದು, ದಾರಿಯಲ್ಲಿ ವಾಲಿದ್ದನ್ನು ತಿರುಪು ತಿರುಗಿಸಿ ನೆಟ್ಟಗೆ ಮಾಡಿಕೊಳ್ಳುತ್ತೇನೆ. ದಿನಕ್ಕೆ ಒಂದೇ ಸಲ. ಆಮೇಲೆ ಸಂಜೆಯವರೆಗೂ ಕಾವಲು. "ಎಂ.ಎಸ್ಸಿ. ಫಿಸಿಕ್ಸ್ ಓದಿ ಹೊಲ ಕಾಯೋ ಕೆಲಸ ತಕೊಂಡವ್ಳೆ" ಎಂದು ತಮ್ಮ ನಾಗ ಆಡಿಕೊಳ್ಳುತ್ತಾನೆ.

ನಿನ್ನೆ ಅವ್ವ ಮಾಳಿಗೆ ಮೇಲೆ ಸಂಡಿಗೆ ಇಡುತ್ತಾ ಕೇಳಿದಳು. "ಅಲ್ಲಮ್ಮಿ, ಅಲ್ಲಿ ಕೂತ್ಕಂಡು ಏನ ಕಾಯ್ತಿಯೇ?"

"ಬೆಳಕ ಒಂದೊಂದೇ ಕಾಳು ಮಾಡಿ ಕಳುಸ್ತಾರೆ ಕಣವ್ವ. ದಾರೀಲಿ ಯಾರಾದ್ರೂ ಕದ್ದು ನೋಡುದ್ರೆ ಆ ಕಾಳು ಕೆಟ್ಟೋಯ್ತದೆ. ಎಷ್ಟು ಕೆಟ್ಟಿವೆ ಅಂತ ನಾನು ಲೆಕ್ಕ ಇಡ್ತೀನಿ. ಜಾಸ್ತಿ ಕೆಟ್ಟಿದ್ರೆ ಕಳ್ಳ ಬಂದವ್ನೆ ಅಂತ."

"ಬರೀ ನೋಡುದ್ರೇ ಕೆಡ್ತದ?"

"ನೋಡಬೇಕು ಅಂದ್ರೆ ಮುಟ್ಟಲೇಬೇಕಲ್ಲವ್ವ. ನಿನ್ನ ಹಸಿ ಸಂಡಿಗೆ ಇದ್ದಂಗೆ. ಮುಟ್ಟಿದ್ರೆ ಬೆರಳ ಗುರುತು ಬೀಳ್ತದೆ."

"ಸರಿ ಬುಡು. ಸಂಡಿಗೆ ಕಾಯಕ್ಕೆ ಸಂಬಳ ಕೊಟ್ಟಂಗಾಯ್ತು."

ಯಾರೂ ಕದಿಯಲಾಗದ ಗುಟ್ಟಿನ ಕೀಲಿಯನ್ನು ಬೆಳಕಿನಲ್ಲಿ ಕಳಿಸುವ ನಮ್ಮ ಪ್ರಾಜೆಕ್ಟಿನ ರಿಪೋರ್ಟಿನಲ್ಲಿ ಕ್ವಾಂಟಮ್ ಎಂಬ ಮಾತು ಪುಟಕ್ಕೆ ಹತ್ತು ಸಲ ಬರುತ್ತದೆ. ಅವ್ವನಷ್ಟು ಬೇಗ ಅರ್ಥ ಮಾಡಿಕೊಂಡ ಆಫೀಸರ್ ಇನ್ನೂ ಸಿಕ್ಕಿಲ್ಲ.

ನಾಗ ನಿನ್ನೆ ಸಂಜೆ ಮನೆಗೆ ಬಂದಾಗ ಬೆರಳೆಲ್ಲ ಹಳದಿ, ಅಂಗಿಯೆಲ್ಲ ಹೊಗೆ ವಾಸನೆ. ಅವ್ವ ಕೇಳಿದ್ದಕ್ಕೆ "ಅರಿಸಿನ ಮಂಡಿ ಹತ್ರ ಕೇಬಲ್ ಕೆಲಸ ಇತ್ತು" ಅಂದ. ಭಾನುವಾರ ಯಾವ ಮಂಡಿ? ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಡಿಟೆಕ್ಟರ್ ರೆಡಿ.

ಫೆಬ್ರವರಿ 5, ಬುಧವಾರ. ಸಂಜೆ

ಮನೆಗೆ ಬಂದವಳೇ ಬರೆಯಲು ಕೂತೆ. 

ಟೀ ಕುಡಿದು ಬಂದು ಕೂತೆ. ಪರದೆಯ ಮೇಲೆ ಎರರ್ ಗೆರೆ ಎಂದಿನಂತೆ ಕೆಳಗೇ ಮಲಗಿತ್ತು. ನೂರಕ್ಕೆ ಎರಡೋ ಮೂರೋ ಕಾಳು ಕೆಡುವುದು ಇದ್ದದ್ದೇ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗೆರೆ ಏರಲು ಶುರು. ಧಡಕ್ಕನೆ ಅಲ್ಲ, ಮೆಲ್ಲಗೆ. ಹತ್ತು ದಾಟಿತು. ಪರದೆ ಕೆಂಪಾಯಿತು. ಅಲಾರ್ಮ್. ಲಿಂಕ್ ಶುರುವಾದಾಗಿನಿಂದ ಪರೀಕ್ಷೆಗೆಂದು ನಾವೇ ಬಾರಿಸಿದ್ದು ಬಿಟ್ಟರೆ ಇದೇ ಮೊದಲು.

ನಿಯಮ ಗೋಡೆಗೇ ಅಂಟಿಸಿದೆ. ಅಲಾರ್ಮ್ ಬಂದರೆ ಏನನ್ನೂ ಮುಟ್ಟಬಾರದು, ಸಾಕ್ಷಿ ಇದ್ದ ಹಾಗೇ ಇರಬೇಕು. ಸುನೀಲ್ ಸರ್‌ಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು. "ಡೋಂಟ್ ಟಚ್. ಸುಮ್ಮನೆ ನೋಡ್ತಾ ಇರಿ."

ನೋಡುತ್ತಾ ಕೂತೆ. ಡಬ್ಬಿಯ ಚಿತ್ರಾನ್ನ ತಣ್ಣಗಾಯಿತು. ಗೆರೆ ಮೇಲೇ ಇತ್ತು, ಸ್ವಲ್ಪ ಇಳಿಯಿತು, ಮತ್ತೆ ಏರಿತು. ಬಿಸಿಲು ಇಳಿಯುವ ಹೊತ್ತಿಗೆ ತಾನಾಗಿಯೇ ಕೆಳಗೆ ಬಂತು.

ಹೆದರಿಕೆಯಾಯಿತು. ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು. ಇಷ್ಟು ದಿನ ಖಾಲಿ ಹೊಲ ಕಾದದ್ದಕ್ಕೆ ಕೊನೆಗೂ ಕಳ್ಳನೊಬ್ಬ ಬಂದನಲ್ಲ!

ಫೆಬ್ರವರಿ 7, ಶುಕ್ರವಾರ

ಖುಷಿ ಎಂದು ಬರೆದಿದ್ದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ನಿನ್ನೆಯೂ ಅಲಾರ್ಮ್. ಇವತ್ತೂ. ಸುನೀಲ್ ಸರ್ ಕಾರು ಹತ್ತಿ ಗುಂಡ್ಲುಪೇಟೆಗೇ ಬಂದರು. ಒಳ್ಳೆಯ ಮನುಷ್ಯ. ಬರುವಾಗ ನನಗೂ ಸೇರಿಸಿ ಬಿಸಿ ವಡೆ ಕಟ್ಟಿಸಿಕೊಂಡು ಬಂದಿದ್ದರು. ತಿನ್ನಲು ಇಬ್ಬರಿಗೂ ಆಗಲಿಲ್ಲ.

"ಬರೋ ಬೆಳಕು ಕಮ್ಮಿ ಆಗಿದೆಯಾ ಶಿವಲಕ್ಷ್ಮಿ?"

"ಇಲ್ಲ ಸರ್. ಎಷ್ಟು ಬರಬೇಕೋ ಅಷ್ಟೇ ಬರ್ತಿದೆ. ತಪ್ಪು ಮಾತ್ರ ಜಾಸ್ತಿ."

"ಅದೇ ನನಗೆ ಭಯ. ಕೇಬಲ್ ಬಗ್ಗಿಸಿ ಸ್ವಲ್ಪ ಕದ್ದಿದ್ರೆ ಬೆಳಕು ಕಮ್ಮಿ ಆಗ್ತಿತ್ತು. ಇದು ಹಾಗಲ್ಲ. ಯಾರೋ ಮಧ್ಯೆ ಕೂತು ಪೂರ್ತಿ ಹಿಡಿದು, ನೋಡಿ, ತಮ್ಮದೇ ಹೊಸದನ್ನ ಮುಂದಕ್ಕೆ ಕಳಿಸ್ತಿದ್ದಾರೆ. ಟೆಕ್ಸ್ಟ್‌ಬುಕ್‌ನಲ್ಲಿರೋ ಅಟ್ಯಾಕು ಇದು."

"ಆದ್ರೆ ಬೆಳಿಗ್ಗೆ ಲೈನ್ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿಯಾಗೇ ಇದೆ..."

"ಬೆಳಿಗ್ಗೆ ಹೊತ್ತಿಗೆ ತೆಗೆದಿರ್ತಾರೆ."

"ದಿನಾ ಹಾಕಿ ದಿನಾ ತೆಗೆಯೋದಾ ಸರ್? ಕೂದಲಿನಂಥ ಗಾಜಿನ ಎಳೆ ಅದು. ಅಷ್ಟು ಸಲೀಸಾಗಿ ಯಾರಿಗೆ ಬರುತ್ತೆ?"

ಕೇಳಿಬಿಟ್ಟೆ. ಕೇಳಿದ ಮೇಲೆ ಉತ್ತರ ನನಗೇ ಹೊಳೆಯಿತು. ಸರ್ ಮುಖ ಬೇರೆ ಕಡೆ ತಿರುಗಿಸಿ ನಿಧಾನವಾಗಿ ಹೇಳಿದರು. "ಜಾಯಿಂಟ್ ಮಾಡೋರಿಗೆ."

ನಮ್ಮ ಲೈನಿನಲ್ಲಿ ಗಾಜಿಗೆ ಗಾಜು ಬೆಸೆದು ಜಾಯಿಂಟ್ ಮಾಡುವವನು ನಾಗೇಂದ್ರ. ನನ್ನ ತಮ್ಮ. ಕಾಂಟ್ರಾಕ್ಟರಿಗೆ ಹೇಳಿ ಕೆಲಸಕ್ಕೆ ಸೇರಿಸಿದವಳು ನಾನು. ಜನವರಿಯಲ್ಲಿ ಉಡಿಗಾಲದ ಈಚೆ ಮೋರಿ ಹತ್ತಿರ ಜೆಸಿಬಿ ಕೇಬಲ್ ಕಿತ್ತಾಗ ಕೊನೆಯದಾಗಿ ಆ ಜಾಯಿಂಟ್ ಬಾಕ್ಸ್ ಮುಚ್ಚಿದವನೂ ಅವನೇ. ಸರ್ ಮುಂದುವರಿಸಿದರು. ಅಲಾರ್ಮ್ ಬಂದ ದಿನಗಳಲ್ಲೆಲ್ಲ ಅವನು ಮಧ್ಯಾಹ್ನ ಕೆಲಸದಿಂದ ತಪ್ಪಿಸಿಕೊಂಡಿದ್ದಾನೆ. ಲೈನ್ ನೋಡಿಕೊಳ್ಳುವವರು ಅವನ ಬೈಕನ್ನು ಅದೇ ಮೋರಿ ಹತ್ತಿರ ಕಂಡಿದ್ದಾರೆ.

"ನಿಮ್ಮ ತಮ್ಮ ಅಂತ ಗೊತ್ತು. ಅದಕ್ಕೇ ಮೊದಲು ನಿಮಗೆ ಹೇಳ್ತಿದ್ದೀನಿ. ಬರೋ ಶುಕ್ರವಾರ ಪೊಲೀಸ್ ಕಂಪ್ಲೇಂಟ್ ಕೊಡಲೇಬೇಕು, ಮೇಲಿನವರು ಕೇಳ್ತಿದ್ದಾರೆ. ಅಲ್ಲೀವರೆಗೆ ಅವನಿಗೆ ಏನೂ ಹೇಳಬೇಡಿ. ಕೇಳಲೂಬೇಡಿ. ಸುಳಿವು ಸಿಕ್ಕಿದ್ರೆ ಎಲ್ಲಾ ಅಳಿಸಿಹಾಕ್ತಾನೆ."

ಆಯಿತು ಸರ್ ಅಂದೆ. ಅಷ್ಟು ಸುಲಭವಾಗಿ ಅಂದುಬಿಟ್ಟೆ.

ಫೆಬ್ರವರಿ 9, ಭಾನುವಾರ

ನಾಗ ಸ್ನಾನಕ್ಕೆ ಹೋಗಿದ್ದ. ಫೋನು ತೊಲೆ ಕಂಬದ ಹತ್ತಿರ ಚಾರ್ಜಿಗೆ ಹಾಕಿತ್ತು. ಲಾಕ್ ಇಲ್ಲ. ಅವನು ಯಾವತ್ತೂ ಲಾಕ್ ಹಾಕಿದವನಲ್ಲ.

ತೆಗೆದು ನೋಡಿದೆ.

ಮೆಸೇಜು ಓದಲು ಧೈರ್ಯ ಬರಲಿಲ್ಲ, ಫೋಟೋ ತೆರೆದೆ. ಅವ್ವನ ಸಂಡಿಗೆ. ಬೈಕು. ಜಾಯಿಂಟ್ ಬಾಕ್ಸುಗಳು. ಆಮೇಲೆ ಅದು... ಉಡಿಗಾಲದ ಮೋರಿ. ಮೋರಿಗೆ ತಾಗಿಕೊಂಡು ಹೋಗುವ ನಮ್ಮ ಕೇಬಲ್ಲಿನ ಕಬ್ಬಿಣದ ಪೈಪು. ಪೈಪಿನ ಪಕ್ಕದ ನೆಲಕ್ಕೆ ಬೆರಳಲ್ಲಿ ಕೆಂಪು ಸುತ್ತು ಹಾಕಿ, "ಇಲ್ಲಿ" ಎಂದು ಬರೆದಿದ್ದಾನೆ.

ಯಾರಿಗೆ ತೋರಿಸಲು?

ಬಚ್ಚಲ ಬಾಗಿಲ ಸದ್ದಾಯಿತು. ಫೋನ್ ಇಟ್ಟೆ. ಟವೆಲ್ ಹೊದ್ದು ಬಂದ ನಾಗ ಫೋನನ್ನೂ ನೋಡಿದ, ನನ್ನನ್ನೂ ನೋಡಿದ.  ತಲೆ ಒರೆಸಿಕೊಳ್ಳುತ್ತಾ ಒಳಗೆ ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಮಾತಿಲ್ಲ.

ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಇವನಾ?

ಫೆಬ್ರವರಿ 12, ಬುಧವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ಸೋಮವಾರ ಅಲಾರ್ಮ್. ಮಂಗಳವಾರ ಅಲಾರ್ಮ್. ಇವತ್ತು ಬೆಳಿಗ್ಗೆ ಬೇಗನೇ ಬಂತು.

ಆ ಫೋಟೋ ವಿಷಯ ಸರ್‌ಗೆ ಹೇಳಬೇಕು. ಹೇಳದಿದ್ದರೆ ನಾನೂ ಕಳ್ಳಿ. ಹೇಳಿದರೆ ಶುಕ್ರವಾರದ ಕಂಪ್ಲೇಂಟಿಗೆ ನನ್ನ ಕೈಯಿಂದಲೇ ಮೊದಲ ಸಾಕ್ಷಿ. ಪೊಲೀಸರು ಬೇಗೂರಿಗೆ ಬಂದು, ಬಸ್ ಸ್ಟ್ಯಾಂಡಿನ ಅಷ್ಟು ಜನರ ಮುಂದೆ ಅವನನ್ನು ಜೀಪು ಹತ್ತಿಸಿದರೆ ಅವ್ವ ಉಳಿಯುವುದಿಲ್ಲ. ಮೆಸೇಜು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಮತ್ತೆ ಅಳಿಸಿದೆ.

ಮನೆಯಲ್ಲಿ ಅವ್ವ ಇಬ್ಬರ ಮುಖವನ್ನೂ ನೋಡಿ ನೋಡಿ ಸಾಕಾಗಿ ಇವತ್ತು ಬೈದಳು. "ಏನ್ಲಾ ಆಗದೆ ನಿಮ್ಮಿಬ್ರಿಗೂ? ಅಕ್ಕ ತಮ್ಮ ಕಿತ್ತಾಡ್ತಿದ್ರಿ, ಮನೆ ಮನೆ ಅನ್ನಿಸ್ತಿತ್ತು. ಈಗ ಒಳ್ಳೆ ಸಾವಿನ ಮನೆ ಆಗದೆ."

ನಾಗ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವನ ಉಗುರ ಸಂದಿಯಲ್ಲಿ ಇನ್ನೂ ಹಳದಿ. ಲಂಚದ ದುಡ್ಡಿಗೆ ಹಳದಿ ಬಣ್ಣ ಇರುತ್ತದೆಯೇ? ಏನೇನೋ ಯೋಚನೆ.

ಒಂದು ಸಂಗತಿ ಮಾತ್ರ ತಲೆಗೆ ಹತ್ತುತ್ತಿಲ್ಲ. ಕಳ್ಳ ಬಂದರೆ ಎರರ್ ಗೆರೆ ಒಮ್ಮೆಗೇ ನೆಗೆಯಬೇಕು, ಹೋದರೆ ಒಮ್ಮೆಗೇ ಬೀಳಬೇಕು. ಇದು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಇಷ್ಟು ಸಾವಧಾನದ ಕಳ್ಳ ಎಲ್ಲಿದ್ದಾನೆ?

ನಾಳೆ ಹೋಗಿ ನೋಡುತ್ತೇನೆ. ಕೇಳಬೇಡಿ ಅಂದಿದ್ದಾರೆ, ಹೋಗಬೇಡಿ ಅಂದಿಲ್ಲವಲ್ಲ.

ಫೆಬ್ರವರಿ 13, ಗುರುವಾರ. ಸಂಜೆ

ನಗುತ್ತಾ ಬರೆಯುತ್ತಿದ್ದೇನೆ. ಅಳುತ್ತಲೂ. ಎಲ್ಲವನ್ನೂ ಬರೆಯಬೇಕು, ಒಂದನ್ನೂ ಬಿಡಬಾರದು.

ಬೆಳಿಗ್ಗೆ ಗೆರೆ ಏರಲು ಶುರುವಾದದ್ದೇ ತಡ, ರೂಮಿಗೆ ಬೀಗ ಹಾಕಿ ಚಾಮರಾಜನಗರದ ಬಸ್ಸು ಹತ್ತಿದೆ. ಡ್ಯೂಟಿ ಬಿಟ್ಟು ಹೊರಟದ್ದು ಇದೇ ಮೊದಲು. ತೆರಕಣಾಂಬಿ ದಾಟುವವರೆಗೂ ಸರ್ ಕರೆದರೋ ಎಂದು ಫೋನು ತೆಗೆದು ತೆಗೆದು ನೋಡಿದೆ. ಮೋರಿ ಹತ್ತಿರ ನಿಲ್ಲಿಸಿ ಅಂದರೆ ಕಂಡಕ್ಟರ್ "ಅಲ್ಲೇನಿದೆ ಮೇಡಂ?" ಅಂದ. ಅದನ್ನೇ ನೋಡಲು ಬಂದಿದ್ದೇನೆ ಎನ್ನಲಾಗುತ್ತದೆಯೇ.

ಇಳಿದೆ. ಮೊದಲು ಕಂಡದ್ದು ಹೊಗೆ. ಆಮೇಲೆ ವಾಸನೆ... ಬೇಯುತ್ತಿರುವ ಹಸಿ ಅರಿಶಿನದ ವಾಸನೆ.

ಮೋರಿ ಪಕ್ಕ, ರಸ್ತೆಯಿಂದ ಕೆಳಗೆ, ನೆಲ ತೋಡಿ ಮಾಡಿದ ದೊಡ್ಡ ಒಲೆ. ಮೇಲೆ ಆಳುದ್ದ ಅಗಲದ ಬಾಯಿಯ ಕೊಪ್ಪರಿಗೆ, ಗೋಣಿಚೀಲ ಮುಚ್ಚಿದೆ, ಅಂಚಿನಲ್ಲಿ ಹಳದಿ ನೊರೆ. ಆಚೆ ಕಿತ್ತು ತಂದ ಅರಿಶಿನದ ರಾಶಿ. ಒಬ್ಬ ಹಿರಿಯರು ಕಡ್ಡಿಯಲ್ಲಿ ಕೊಂಬು ಚುಚ್ಚಿ ಬೆಂದಿದೆಯೇ ನೋಡುತ್ತಿದ್ದಾರೆ. ತಲೆ ಮೇಲೆ ಮಂಕರಿ ಬುಟ್ಟಿ ಹೊತ್ತ ಒಬ್ಬ ಹುಡುಗಿ. ಒಲೆಯ ಬಾಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪ್ಯಾಂಟು ಮಡಚಿಕೊಂಡು, ಸೌದೆ ತುರುಕುತ್ತಿರುವವನು ನನ್ನ ತಮ್ಮ.

"ನಾಗಾ!"

ಅವನ ಕೈಯಿಂದ ಸೌದೆ ಬಿತ್ತು. "ಅಕ್ಕಾ... ನೀನು ಎಂಗೆ ಇಲ್ಲಿಗೆ..."

ಹಿರಿಯರು ಕಡ್ಡಿ ಕೆಳಗಿಟ್ಟರು. "ಯಾರವ್ವಾ ನೀನು? ಬಿಸ್ಲಲ್ಲಿ ನಿಂತಿದ್ದೀಯೆ, ಬಾ ತಾಯಿ, ಈ ಕಡೆ ನೆಳ್ಳಿಗೆ ಬಾ."

"ನಮ್ಮಕ್ಕ" ಅಂದ ನಾಗ, ನೆಲ ನೋಡುತ್ತಾ.

"ಓ, ಅಕ್ಕನಾ! ನಾನು ಪುಟ್ಟಮಾದಯ್ಯ ಅಂತ ಕಣವ್ವ. ಇವಳು ನನ್ನ ಮಗಳು ಮೇಘನಾ. ನಿನ್ನ ತಮ್ಮ ಒಳ್ಳೆ ಉಡುಗ. ಕೂಲಿ ಕೇಳ್ದಂಗೆ ದಿನಾ ಬಂದು ಸೌದೆ ಒಡೀತಾನೆ. ಯಾಕ್ ಬತ್ತಾನೆ ಅಂತ ನಂಗೂ ಗೊತ್ತು, ಅವಳ್ಗೂ ಗೊತ್ತು. ಅವನೊಬ್ಬ ಬಾಯಿ ಬುಡ್ತಾ ಇಲ್ಲ, ಅಷ್ಟೆಯಾ."

ಮೇಘನಾ ಮಂಕರಿಯನ್ನು ಇನ್ನಷ್ಟು ಕೆಳಗಿಳಿಸಿ ಮುಖ ಮುಚ್ಚಿಕೊಂಡಳು. ನನ್ನ ತಮ್ಮನ ಕಿವಿ ಅವನ ಒಲೆಗಿಂತ ಕೆಂಪಗಾಗಿತ್ತು.

ನಾನು ಅವರ್ಯಾರನ್ನೂ ಸರಿಯಾಗಿ ನೋಡಲಿಲ್ಲ. ಒಲೆ ನೋಡುತ್ತಿದ್ದೆ. ಒಲೆಯ ಹಿಂಗೋಡೆಗೆ ಒತ್ತಿಕೊಂಡೇ ನಮ್ಮ ಕಬ್ಬಿಣದ ಪೈಪು. ಬಗ್ಗಿ ಮುಟ್ಟಿದೆ. ಚುರ್ರ್! ಬೆರಳು ಬಾಯಿಗೆ ಹೋಯಿತು. ಕೊಪ್ಪರಿಗೆ ಕೂರಿಸಿದ್ದ ಕಲ್ಲುಗಳಲ್ಲಿ ಒಂದಕ್ಕೆ ಅಕ್ಷರವಿತ್ತು, ಮಸಿ ಹಿಡಿದ OFC. ಕೆಳಗೆ ಕೇಬಲ್ ಇದೆ, ಅಗೆಯಬೇಡಿ ಎಂದು ನಾವು ನೆಟ್ಟಿದ್ದ ಕಲ್ಲು. ಅದನ್ನೇ ಕಿತ್ತು ಒಲೆಗುಂಡು ಮಾಡಿದ್ದಾರೆ.

"ಇಲ್ಲಿ ಒಲೆ ತೋಡಕ್ಕೆ ಯಾರೋ ಹೇಳಿದ್ದು?"

"ನಾನೇ ಕಣಕ್ಕ. ಮೊದ್ಲು ಬೇರೆಯೋರ ಒಲೇಲಿ ಬೇಯಿಸ್ತಿದ್ರು, ಹೋದ ಬುಧವಾರ ಇಲ್ಲಿಗೆ ಬಂದ್ರು. ಎಲ್ಲಾ ಕಡೆ ಬರೀ ಕಲ್ಲು ನೆಲ, ಗುದ್ದಲಿ ಇಳಿಯಲ್ಲ. ಇದು ನಾವು ಟ್ರೆಂಚ್ ಹೊಡ್ದು ಮುಚ್ಚಿದ್ದ ಮಣ್ಣಲ್ಲವಾ, ಮೆತ್ತಗೈತೆ. ನೀರೂ ಪಕ್ಕದಲ್ಲೇ. ಫೋಟೋ ತೆಗ್ದು ಮೇಘನಾಗೆ ಕಳುಸ್ದೆ, ಇಲ್ಲಿ ತೋಡಿ ಅಂತ. ಕಲ್ಲು ಮಾತ್ರ ನಾನು ಕೀಳ್ಲಿಲ್ಲ, ಆಣೆ."

"ಅದು ನಾನು ಕಣವ್ವ" ಅಂದರು ಪುಟ್ಟಮಾದಯ್ಯ. "ಚಪ್ಪಟೆಗೆ ಚೆನ್ನಾಗಿತ್ತು."

"ಪೈಪು ಕಾಯ್ತದೆ ಅಂತ ಹೊಳೀಲಿಲ್ವಾ ನಿಂಗೆ?"

"ಫೈಬರ್‌ಗೆ ಬಿಸಿ ಏನ್ ಮಾಡ್ತದಕ್ಕ? ಇದೇ ಕೇಬಲ್ಲಲ್ಲಿ ಊರಿಗೆಲ್ಲ ನೆಟ್ ಓಡ್ತಾನೇ ಐತೆ. ನಾನೇ ಚೆಕ್ ಮಾಡ್ದೆ."

ಸರಿಯೇ. ಊರಿನ ನೆಟ್ಟಿಗೆ ಏನೂ ಆಗದು. ಅದು ಹೊಳೆಯಂಥ ಬೆಳಕು. ನನ್ನದು ಒಂದೊಂದೇ ಕಾಳು. ಪೈಪು ಕಾದರೆ ಗಾಜು ಹಿಗ್ಗಿ, ಒಳಗಿನ ಕಾಳುಗಳೆಲ್ಲ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತವೆ. ಕೊಪ್ಪರಿಗೆ ಇಳಿಸಿ ಬೆಂಕಿ ತಗ್ಗಿದರೆ ಮತ್ತೆ ನೆಟ್ಟಗೆ. ಇನ್ನೊಂದು ಕೊಪ್ಪರಿಗೆ ಏರಿದರೆ ಮತ್ತೆ ವಾಲು. ಸಾವಧಾನದ ಕಳ್ಳ ಅಂದಿದ್ದೆನಲ್ಲ, ಅರಿಶಿನ ಬೇಯುವಷ್ಟು ಸಾವಧಾನ!

ರಸ್ತೆ ಬದಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಾಗ ಗಾಬರಿಯಾಗಿ ನೀರು ತಂದ. ಮೇಘನಾ ತನ್ನ ಸೆರಗಲ್ಲೇ ನನ್ನ ಸುಟ್ಟ ಬೆರಳು ಒರೆಸಿ ಅರಿಶಿನ ಹಚ್ಚಿದಳು. ಯಾಕಕ್ಕ, ಯಾಕಕ್ಕ ಎಂದು ಇಬ್ಬರೂ. ಪೊಲೀಸಿನ ವಿಷಯ ಹೇಳಲಿಲ್ಲ. ಸುನೀಲ್ ಸರ್‌ಗೆ ಕೊಟ್ಟ ಮಾತು ಇನ್ನೊಂದು ದಿನ ಉಳಿಸಿಕೊಳ್ಳಬೇಕಿತ್ತು. ಪುಟ್ಟಮಾದಯ್ಯನವರ ನಂಬರ್ ಇಸಕೊಂಡು, ನಾಳೆ ನಾನು ಹೇಳಿದಾಗ ಒಲೆ ಹಚ್ಚಿ ಅಂದೆ. "ಏನ್ ಪೂಜೆಗೀಜೆನಾ ತಾಯಿ?" ಅಂದರು. ಹೌದು ಅಂದೆ.

ಆದರೆ ನಾನು ಕಂಡ ಮಾತ್ರಕ್ಕೆ ಆಗಲಿಲ್ಲ. ಅಕ್ಕ ತಮ್ಮನ ಪರ ಕಥೆ ಕಟ್ಟಿದ್ದಾಳೆ ಅನ್ನುತ್ತಾರೆ. ಯಂತ್ರವೇ ಹೇಳಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ರಾಗಿ ಹೊಲಕ್ಕೆ ದನ ನುಗ್ಗಿದರೆ ಪೈರು ದಿಕ್ಕಾಪಾಲಾಗಿ ಬೀಳುತ್ತದೆ. ಗಾಳಿ ಬಡಿದರೆ ಅಷ್ಟೂ ಒಂದೇ ಕಡೆಗೆ ವಾಲುತ್ತದೆ. ಒಂದೇ ಕಡೆಗೆ ವಾಲಿದ್ದನ್ನು ತಿರುಗಿಸಿ ನೆಟ್ಟಗೆ ಮಾಡಬಹುದು, ದಿನಾ ಬೆಳಿಗ್ಗೆ ಮಾಡುವುದು ಅದನ್ನೇ. ಕಳ್ಳ ನೋಡಿ ಕೆಡಿಸಿದ್ದಾದರೆ ಯಾವ ಕಡೆಗೆ ತಿರುಗಿಸಿದರೂ ಸರಿಹೋಗದು. ಮುಟ್ಟಬಾರದು ಎಂಬ ನಿಯಮ ಹಿಡಿದು ಕೂತು, ಯಾರೂ ತಿರುಗಿಸಿಯೇ ನೋಡಿಲ್ಲ.

ಫೆಬ್ರವರಿ 14, ಶುಕ್ರವಾರ

ಸುನೀಲ್ ಸರ್ ಅಲ್ಲಿ ಬೆಳಕು ಬಿಟ್ಟು, ಕಂಪ್ಲೇಂಟ್ ಪ್ರಿಂಟ್ ತೆಗೆದುಕೊಂಡೇ ಬಂದಿದ್ದರು. ಇಲ್ಲಿಂದ ನೇರ ಸ್ಟೇಷನ್ನಿಗೆ ಹೋಗುವ ಲೆಕ್ಕ. ಆ ಹಾಳೆಯನ್ನೇ ಕೇಳಿ ಇಸಕೊಂಡು, ಅದರ ಬೆನ್ನಿಗೆ ಮೋರಿ, ಪೈಪು, ಒಲೆ ಬರೆದು ತೋರಿಸಿದೆ. ಸರ್ ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು.

"ಅರಿಶಿನ ಬೇಯಿಸೋ ಒಲೆ?"

"ಹೌದು ಸರ್."

"ಶಿವಲಕ್ಷ್ಮಿ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ..."

"ನನ್ನ ಮಾತು ನಂಬಬೇಡಿ ಸರ್. ನೋಡಿ."

ಗೆರೆ ಕೆಳಗಿತ್ತು. ಅವರೆದುರೇ ಸ್ಪೀಕರ್ ಹಾಕಿ ಪುಟ್ಟಮಾದಯ್ಯನವರಿಗೆ ಫೋನ್ ಮಾಡಿದೆ. "ಅಣ್ಣಾ, ಹಚ್ಚಿ." "ಆಯ್ತು ತಾಯಿ" ಎಂದ ಹಿಂದೆಯೇ ಸೌದೆ ಒಡೆಯುವ ಸದ್ದು. ಕಾದೆವು. ಏನೂ ಆಗಲಿಲ್ಲ.  ಸರ್ ಗಡಿಯಾರ ನೋಡಿದರು. ಇವತ್ತೇ ಸೌದೆ ಹಸಿಯಾಗಿರಬೇಕೇ ದೇವರೇ...

ಗೆರೆ ಅಲುಗಿತು. ಮೆಲ್ಲಗೆ ತಲೆ ಎತ್ತಿತು. ನಾಲ್ಕು, ಐದು, ಎಂಟು, ಹನ್ನೊಂದು. ಕೆಂಪು. ಅಲಾರ್ಮ್ ಹೊಡೆದುಕೊಂಡಿತು. ಜೀವಮಾನದಲ್ಲಿ ಯಾವ ಸದ್ದೂ ನನಗೆ ಇಷ್ಟು ಹಿತವಾಗಿ ಕೇಳಿಸಿರಲಿಲ್ಲ.

"ಸರ್, ಅಟ್ಯಾಕ್ ಆಗಿದ್ರೆ ಏನು ತಿರುಗಿಸಿದರೂ ಇದು ಕೆಳಗೆ ಬರಲ್ಲ ಅಲ್ವಾ?"

ಸರ್‌ಗೆ ತಕ್ಷಣ ಗೊತ್ತಾಯಿತು. ಮುಖದಲ್ಲೇ ಕಂಡಿತು. "ಬರಲ್ಲ" ಅಂದರು.

"ಮುಟ್ಟಲಾ?"

ಗೋಡೆಯ ನಿಯಮದ ಕಡೆ ಒಂದು ಸಲ ನೋಡಿ, "ಮುಟ್ಟಿ" ಅಂದರು.

ತಿರುಗಿಸಿದೆ. ಮೊದಲು ತಪ್ಪು ಕಡೆಗೆ. ಇನ್ನೂ ಏರಿತು.  ಈ ಕಡೆಗೆ ತಿರುಗಿಸಿದೆ. ಇಳಿಯಿತು... ಇಳಿಯಿತು... ಬೆಳಗಿನ ಜಾಗಕ್ಕೇ ಬಂದು ಮಲಗಿತು. ಒಲೆ ಧಗಧಗ ಉರಿಯುತ್ತಲೇ ಇದೆ, ಎರರ್ ಇಲ್ಲ. ಯಾರೂ ನೋಡಿಲ್ಲ. ಒಂದು ಕಾಳನ್ನೂ ಯಾರೂ ಮುಟ್ಟಿಲ್ಲ.

ಸರ್ ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಫೋನಿನಲ್ಲಿ ಹೇಳಿ ಒಲೆಯ ಬೆಂಕಿ ಹೊರಗೆಳೆಸಿದರು. ಪೈಪು ಆರಿದ ಹಾಗೆ ಬೆಳಕು ಈಗ ಆಚೆ ಪಕ್ಕಕ್ಕೆ ವಾಲಿತು. ಅದನ್ನೂ ನೆಟ್ಟಗೆ ಮಾಡಿದರು. ಆಮೇಲೆ ಕುರ್ಚಿಗೆ ಒರಗಿ ನಕ್ಕರು. ನಗು ನಿಲ್ಲಲೇ ಇಲ್ಲ. ಆ ಕಡೆಯಿಂದ ಫೋನಿನಲ್ಲಿ ಪುಟ್ಟಮಾದಯ್ಯನವರು, "ತಾಯಿ, ಪೂಜೆ ಮುಗೀತಾ? ನನ್ ಅರಿಸಿನ ಅರ್ದ ಬೆಂದು ಕೂತದೆ."

ಸರ್ ಕಂಪ್ಲೇಂಟನ್ನು ಮಡಚಿ ನನಗೇ ಕೊಟ್ಟರು. "ಚಿತ್ರ ನಿಮ್ಮದು, ಇಟ್ಕೊಳಿ. ಇನ್ಮೇಲೆ ಇಡೀ ದಿನ ಯಂತ್ರವೇ ನೆಟ್ಟಗೆ ಮಾಡ್ಕೊಳ್ಳೋ ಹಾಗೆ ಮಾಡೋಣ. ಹಾಗೆ ನೆಟ್ಟಗೆ ಮಾಡಿದ ಮೇಲೂ ಎರರ್ ಉಳಿದರೆ ಮಾತ್ರ ಕಳ್ಳ." ಆಮೇಲೆ ತಾವೇ ನಾಗನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿ, ನಿನ್ನ ಮೇಲೆ ಅನುಮಾನಪಟ್ಟೆ, ತಪ್ಪಾಯಿತು ಅಂದರು. ಅಷ್ಟು ದೊಡ್ಡ ಮನುಷ್ಯ. ಬೈಗುಳವನ್ನೂ ಬಿಡಲಿಲ್ಲ. ಒಲೆ ಮೋರಿಯ ಆಚೆ ಪಕ್ಕದ ಕಲ್ಲು ನೆಲಕ್ಕೆ ಹೋಗಬೇಕು, ಗುಂಡಿ ತೋಡುವುದು ನಾಗನೇ. OFC ಕಲ್ಲು ತೊಳೆದು ಮೊದಲಿನ ಜಾಗದಲ್ಲೇ ನೆಡಬೇಕು.

ಇವತ್ತು ಪ್ರೇಮಿಗಳ ದಿನವಂತೆ. ಗುದ್ದಲಿ ಹಿಡಿದು ಆಚರಿಸಲಿ.

ಕೆಳಗಿಳಿದು ಹೋಟೆಲಿನಲ್ಲಿ ಬಿಸಿ ವಡೆ ತಿಂದೆ. ಮತ್ತೊಂದು ತಿಂದೆ. ಒಂದು ವಾರದ ಹಸಿವು.

ಫೆಬ್ರವರಿ 16, ಭಾನುವಾರ

ನಾಗನ ಎರಡೂ ಅಂಗೈಯಲ್ಲಿ ಬೊಬ್ಬೆ. ಜಗುಲಿ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತೆ.

"ನಿನ್ ಫೋನು ನೋಡಿದೆ ಕಣೋ, ಆವತ್ತು."

"ಗೊತ್ತು ಕಣಕ್ಕ. ನೀನು ಫೋಟೋ ಮುಚ್ಚದೆ ಹಂಗೇ ಇಟ್ಟಿದ್ದೆ."

"ಮತ್ತೆ ಯಾಕೋ ಸುಮ್ನಿದ್ದೆ?"

"ಕೇಳ್ತೀಯಾ ಅಂತ ಕಾಯ್ತಿದ್ದೆ. ಮೇಘನಾ ವಿಷ್ಯ ನಿಂಗೆ ಗೊತ್ತಾಗಿ ಸಿಟ್ಟಾಗಿದ್ದೀಯ ಅನ್ಕೊಂಡೆ. ಕೇಳಿದ್ರೆ ಎಲ್ಲಾ ಏಳ್ಬುಡ್ತಿದ್ದೆ." ಎಣ್ಣೆ ಬಟ್ಟಲು ಕೆಳಗಿಟ್ಟ. "ನೀನು ನನ್ನ ಕಳ್ಳ ಅನ್ಕೊಂಡೆ ಅಲ್ವಾ ಅಕ್ಕ?"

ಇಲ್ಲ ಅನ್ನಬಹುದಿತ್ತು. "ಹೂಂ ಕಣೋ" ಅಂದೆ.

ಅವನು ರಸ್ತೆ ಕಡೆ ತಿರುಗಿದ. ಊಟಿ ಬಸ್ಸೊಂದು ಹೋಯಿತು. ವಾಲಿದ್ದನ್ನು ನೆಟ್ಟಗೆ ಮಾಡಬಹುದು, ಕದ್ದು ನೋಡಿದ್ದನ್ನು ನೋಡದ ಹಾಗೆ ಮಾಡಲಾಗದು. ನನ್ನದೇ ಯಂತ್ರದ ಪಾಠ ನನಗೇ ತಡವಾಗಿ ಅರ್ಥವಾಯಿತು. ಬಹಳ ನೋವಾಯಿತು.

"ಆದ್ರೂ ಬಂದು ನೋಡ್ದೆಯಲ್ಲ, ಡ್ಯೂಟಿ ಬುಟ್ಟು" ಅಂದ ಕೊನೆಗೆ. "ಆ ಫೋಟೋ ವಿಷ್ಯ ಸುನೀಲ್ ಸರ್‌ಗೂ ಏಳ್ಲಿಲ್ಲ. ಬುಡಕ್ಕ. ಈಗ ಅವ್ವಂಗೆ ಮೇಘನಾ ವಿಷ್ಯ ನೀನೇ ಏಳು. ಅದು ನಿಂಗೆ ಶಿಕ್ಷೆ."

ಹೇಳಿದೆ. ಅವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಉಗುರಲ್ಲಿ ಅರಿಸಿನ ನೋಡ್ದಾಗ್ಲೇ ಅನ್ಕಂಡೆ. ಕೇಬಲ್ ಕೆಲಸದೋನ್ಗೆ ಯಾವ ಅರಿಸಿನ? ನಾನೇನು ಕುರುಡಿನಾ?" ಆಮೇಲೆ ಮೆತ್ತಗೆ, "ಉಡುಗಿ ಎಂಗವ್ಳೆ ಕಣಮ್ಮಿ?"

ಅಲಾರ್ಮ್ ಇಲ್ಲದೆ ಕಳ್ಳನನ್ನು ಹಿಡಿದವಳು ಅವ್ವ ಒಬ್ಬಳೇ.

ಫೆಬ್ರವರಿ 23, ಭಾನುವಾರ. ಬೆಳಿಗ್ಗೆ

ವಾರವಿಡೀ ಗೆರೆ ಕೆಳಗೇ ಇತ್ತು. ಯಂತ್ರ ತಾನೇ ನೆಟ್ಟಗೆ ಮಾಡಿಕೊಳ್ಳುತ್ತಿದೆ. ನಾನು ನಿಶ್ಚಿಂತೆಯಿಂದ ಡಬ್ಬಿಯ ಚಿತ್ರಾನ್ನ ಬಿಸಿ ಇರುವಾಗಲೇ ತಿನ್ನುತ್ತಿದ್ದೇನೆ.

ಇವತ್ತು ಪುಟ್ಟಮಾದಯ್ಯನವರು ಹೆಂಡತಿ ಮಗಳ ಜೊತೆ ನಮ್ಮ ಮನೆಗೆ ಬರುತ್ತಾರೆ. ಸುಮ್ಮನೆ ಮನೆ ನೋಡಲಂತೆ. ಅವ್ವ ಬೆಳಗಿನಿಂದ ಗುಡಿಸಿದ ಕಡೆಯೇ ಗುಡಿಸುತ್ತಿದ್ದಾಳೆ. ಸಂಡಿಗೆ ಕರಿದು ರಾಶಿ ಹಾಕಿದ್ದಾಳೆ. ನಾಗ ಮೂರನೇ ಅಂಗಿ ಬದಲಿಸುತ್ತಿದ್ದಾನೆ. ನಾನು ಇನ್ನೂ ಸೀರೆ ಉಟ್ಟಿಲ್ಲ, ಬರೆಯುತ್ತಾ ಕೂತಿದ್ದೇನೆ. ಬೈಗುಳ ಕಾದಿದೆ.

ನಾಗನ ಫೋನು ಇಲ್ಲೇ ನನ್ನ ಪಕ್ಕದಲ್ಲಿದೆ. ಈಗಲೂ ಲಾಕ್ ಇಲ್ಲ. ಅಷ್ಟೆಲ್ಲ ಆದ ಮೇಲೂ ಹಾಕಿಲ್ಲ. ಅದನ್ನು ಕಂಡು ಬೆಳಿಗ್ಗೆಯೇ ಕಣ್ಣು ತುಂಬಿ ಬಂತು.

ಫೋನು ಗುಂಯ್ ಅಂತು. ಪರದೆ ಬೆಳಗಿತು. ಬೋರಲು ಹಾಕಿದೆ. "ನಾಗಾ, ಮೆಸೇಜು ಬಂತು ಕಣೋ!"

ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದ. ಓದಿದ. ನಕ್ಕ. ಆಮೇಲೆ ಫೋನನ್ನು ನನ್ನ ಕಡೆಗೇ ಹಿಡಿದ. "ನೀನೇ ನೋಡಕ್ಕ. ನಿಂಗೇ ಬರ್ದವ್ಳೆ."

ಬಸ್ ಇಳಿದರಂತೆ. ಪುಟ್ಟಮಾದಯ್ಯನವರು ಒಂದು ಮೂಟೆ ಅರಿಶಿನ ಹೊತ್ತು ತರುತ್ತಿದ್ದಾರಂತೆ. ಜೊತೆಗೆ ಅಕ್ಕನಿಗೆ ಅಂತ ಮೇಘನಾ ತನ್ನ ಕೈಯಾರೆ ಅರೆದ ಅರಿಶಿನ ತರುತ್ತಿದ್ದಾಳಂತೆ, ಆ ಸುಟ್ಟ ಬೆರಳಿಗೆ. ಅವ್ವ ಕೂಗುತ್ತಿದ್ದಾಳೆ, ಎದ್ದೆ.